ಮಾರಾಟಕ್ಕೆ ಇಟ್ಟ ಅನುಭವ

ಸುಮಾರು ಹದಿನೈದು ವರ್ಷಗಳ ಹಿಂದೆ ಬಳ್ಳಾರಿಯ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಸಿರುಗುಪ್ಪದ ಪೇಟೆಯಲ್ಲಿ, ಕುರುಗೋಡಿನಂತಹ ಸಣ್ಣ ಊರಿನಲ್ಲೂ ಒಂದು ಬಗೆಯ ಅಂಗಡಿ ಕಾಣಸಿಗುತ್ತಿತ್ತು. ಒಂದು ಹಳೆಯ ಕಂಪ್ಯೂಟರ್, ಒಂದು ಕಾರ್ಡ್ ರೀಡರ್, ಎರಡು ಪ್ಲಾಸ್ಟಿಕ್ ಕುರ್ಚಿ, ಇಷ್ಟೇ ಬಂಡವಾಳ. ಭತ್ತದ ಗದ್ದೆಯಿಂದ ಬಂದ ಯುವಕ, ಜೀನ್ಸ್ ಹೊಲಿಯುವ ಘಟಕದ ಕೆಲಸಗಾರ, ಕಾಲೇಜಿನ ಹುಡುಗ ಎಲ್ಲರೂ ಬೆರಳಿನ ಉಗುರಿನಷ್ಟಿದ್ದ ಮೆಮೊರಿ ಕಾರ್ಡನ್ನು ಕೊಟ್ಟು, ಇಪ್ಪತ್ತೋ ಮೂವತ್ತೋ ರೂಪಾಯಿ ತೆತ್ತು, ಅದನ್ನು ತುಂಬಿಸಿಕೊಂಡು ಹೋಗುತ್ತಿದ್ದರು. ಕನ್ನಡ, ತೆಲುಗು ಚಿತ್ರಗೀತೆ, ಬಯಲಾಟದ ಪದ, ಭಜನೆ ಎಲ್ಲವೂ ಅಲ್ಲಿ ದೊರೆಯುತ್ತಿದ್ದವು. ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ಯಾರೋ ಒಬ್ಬ ಮುಂದೆ ಬಾಗಿ, ದನಿ ತಗ್ಗಿಸಿ, ‘ಬ್ಯಾರೆ ಏನಾರ ಐತೇನಣ್ಣ?’ ಎಂದು ಕೇಳುವುದೂ ಇತ್ತು. ಹೆಚ್ಚಿನ ಅಂಗಡಿಗಳಲ್ಲಿ ಅದೂ ಇರುತ್ತಿತ್ತು.

ಈ ಅಂಗಡಿಯವನನ್ನು ಹಾಲಿವುಡ್ ಬಹಳ ಮೊದಲೇ ಕಲ್ಪಿಸಿಕೊಂಡಿತ್ತು. ಕ್ಯಾಥರಿನ್ ಬಿಗೆಲೋ ನಿರ್ದೇಶಿಸಿ 1995ರಲ್ಲಿ ತೆರೆಕಂಡ ‘ಸ್ಟ್ರೇಂಜ್ ಡೇಸ್’ ಚಿತ್ರದ ನಾಯಕ ಲೆನ್ನಿ ನೀರೊ ಇಂತಹುದೇ ವ್ಯಾಪಾರಿ. ಜೇಮ್ಸ್ ಕ್ಯಾಮರಾನ್ ಬರೆದ ಕಥೆ. ನಡೆಯುವುದು 1999ರ ಕೊನೆಯ ಎರಡು ದಿನಗಳ ಲಾಸ್ ಏಂಜಲಿಸ್‌ನಲ್ಲಿ. ತಲೆಗೆ ತೊಡುವ ಬಲೆಯಂತಹ ಒಂದು ಸಾಧನ ಮನುಷ್ಯನ ಮಿದುಳಿನಿಂದ ನೇರವಾಗಿ ಅನುಭವವನ್ನೇ ಮುದ್ರಿಸಿಕೊಳ್ಳುತ್ತದೆ. ಕಂಡದ್ದು, ಕೇಳಿದ್ದು ಮಾತ್ರವಲ್ಲ, ಎದೆಬಡಿತ, ಭಯ, ಸುಖ ಎಲ್ಲವೂ ಪುಟ್ಟ ಡಿಸ್ಕ್‌ಗೆ ಇಳಿಯುತ್ತವೆ. ಅದನ್ನು ಕೊಂಡವನು ಕುಳಿತಲ್ಲಿಯೇ ದರೋಡೆಕೋರನಾಗಬಹುದು, ಪ್ರೇಮಿಯಾಗಬಹುದು. ಪೊಲೀಸ್ ಕೆಲಸ ಕಳೆದುಕೊಂಡ ಲೆನ್ನಿ ಇದನ್ನು ಕಾಳಸಂತೆಯಲ್ಲಿ ಮಾರುತ್ತಾನೆ. ತಾನು ಸಾವಿನ ದೃಶ್ಯ ಮಾರುವುದಿಲ್ಲ ಎಂಬುದೊಂದೇ ಅವನು ಹೇಳಿಕೊಳ್ಳುವ ನೀತಿ. ಆದರೆ ಒಂದು ದಿನ ಅವನ ಕೈಗೇ ಒಂದು ಡಿಸ್ಕ್ ಬರುತ್ತದೆ. ಅದರಲ್ಲಿ ಅವನಿಗೆ ಪರಿಚಯವಿದ್ದ ಹೆಣ್ಣೊಬ್ಬಳ ಮೇಲೆ ನಡೆದ ಅತ್ಯಾಚಾರ ಮತ್ತು ಕೊಲೆ ಕೊಲೆಗಾರನ ಅನುಭವವಾಗಿ ಮುದ್ರಿತವಾಗಿದೆ. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ನೆಲಕಚ್ಚಿತು. ಅದರಲ್ಲಿನ ಯಂತ್ರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಆದರೆ ವ್ಯಾಪಾರ ಮಾತ್ರ ಯಂತ್ರಕ್ಕಾಗಿ ಕಾಯಲಿಲ್ಲ.

2024ರ ಏಪ್ರಿಲ್ ತಿಂಗಳು ಓದುಗರಿಗೆ ನೆನಪಿರಬಹುದು. ರಾಜ್ಯದಲ್ಲಿ ಲೋಕಸಭಾ ಚುನಾವಣೆಯ ಮೊದಲ ಹಂತದ ಮತದಾನ ಅದೇ 26ರಂದು. ಅದಕ್ಕೆ ಕೆಲವೇ ದಿನಗಳ ಮೊದಲು ಹಾಸನ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಬೀದಿಗೆ ಬಿದ್ದವು. ಅವುಗಳಲ್ಲಿದ್ದ ಹೆಣ್ಣುಮಕ್ಕಳ ಮುಖಗಳನ್ನು ಮಸುಕುಗೊಳಿಸುವ ಕನಿಷ್ಠ ಸೌಜನ್ಯವನ್ನೂ ಹಂಚಿದವರು ತೋರಿರಲಿಲ್ಲ. ವಾರದೊಳಗೆ ಆ ದೃಶ್ಯಗಳು ನಾಡಿನ ಮೂಲೆಮೂಲೆಯ ಮೊಬೈಲ್‌ಗಳಿಗೆ ತಲುಪಿದವು. ನಮ್ಮ ಬಳ್ಳಾರಿಯೂ ಇದಕ್ಕೆ ಹೊರತಾಗಿರಲಿಲ್ಲ. ಚಹದ ಅಂಗಡಿಯಲ್ಲಿ ‘ನಿನಗೆ ಬಂತೇನು?’ ಎಂಬ ಪ್ರಶ್ನೆಯನ್ನು ಈ ಲೇಖಕನೂ ಕೇಳಿಸಿಕೊಂಡಿದ್ದಾನೆ. ಕೇಳಿದವರು ಪುಂಡರಲ್ಲ, ಪತ್ರಿಕೆ ಓದುವ, ಮಕ್ಕಳನ್ನು ಶಾಲೆಗೆ ಬಿಟ್ಟುಬರುವ ಗೃಹಸ್ಥರು. ದೃಶ್ಯಗಳನ್ನು ಹಂಚುವುದು ಅಪರಾಧ ಎಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು.

ಆ ಪ್ರಕರಣಗಳ ಪೈಕಿ ಒಂದರಲ್ಲಿ, 2025ರ ಆಗಸ್ಟ್ ಆರಂಭದಲ್ಲಿ, ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಅತ್ಯಾಚಾರದ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆ ವಿಧಿಸಿತು. ಮನೆಗೆಲಸದ ಮಹಿಳೆಯೊಬ್ಬರು ಧೈರ್ಯ ಮಾಡಿ ನುಡಿದ ಸಾಕ್ಷ್ಯ ಅದಕ್ಕೆ ಆಧಾರ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಖಾಸಗಿತನದ ಉಲ್ಲಂಘನೆಯನ್ನು ದಂಡನೀಯಗೊಳಿಸುವ 66ಇ ಕಲಮು 2009ರಿಂದಲೇ ಜಾರಿಯಲ್ಲಿದೆ. ಹಾಗಿದ್ದೂ ದೃಶ್ಯವನ್ನು ಚಿತ್ರಿಸಿದವನು ಕಟಕಟೆಗೆ ಬರುವಷ್ಟು ಸುಲಭವಾಗಿ ಅದನ್ನು ಹಂಚಿದವನೂ ನೋಡಿದವನೂ ಬರುವುದಿಲ್ಲ. ಅವರ ಸಂಖ್ಯೆ ಲಕ್ಷಗಳಲ್ಲಿರುತ್ತದೆ.

ಚಿತ್ರೀಕರಣವೇ ತಪ್ಪೆಂದು ಇಲ್ಲಿ ಹೇಳುತ್ತಿಲ್ಲ. ‘ಸ್ಟ್ರೇಂಜ್ ಡೇಸ್’ ಚಿತ್ರದ ಹಿನ್ನೆಲೆಯಲ್ಲಿ ಇರುವುದೇ ಒಂದು ವಿಡಿಯೊ. 1991ರ ಮಾರ್ಚ್‌ನಲ್ಲಿ ಲಾಸ್ ಏಂಜಲಿಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪುವರ್ಣೀಯನನ್ನು ಥಳಿಸಿದ್ದನ್ನು ಸಮೀಪದ ಮನೆಯ ನಿವಾಸಿಯೊಬ್ಬರು ತಮ್ಮ ಕ್ಯಾಮೆರಾದಲ್ಲಿ ಹಿಡಿದರು. ಮರುವರ್ಷ ಆ ಪೊಲೀಸರು ಬಹುತೇಕ ಖುಲಾಸೆಯಾದಾಗ ನಗರ ಹೊತ್ತಿ ಉರಿಯಿತು. ಚಿತ್ರದಲ್ಲಿಯೂ ಕಪ್ಪುವರ್ಣೀಯ ಗಾಯಕನೊಬ್ಬನನ್ನು ಪೊಲೀಸರು ಕೊಂದ ಡಿಸ್ಕ್ ಒಂದಿದೆ. ಲೆನ್ನಿಯ ಗೆಳತಿ ಮೇಸ್ ಅದನ್ನು ಸಂತೆಗೆ ಒಯ್ಯುವುದಿಲ್ಲ, ಹಿರಿಯ ಪೊಲೀಸ್ ಅಧಿಕಾರಿಯೊಬ್ಬರ ಕೈಗೆ ಮುಟ್ಟಿಸುತ್ತಾಳೆ. ಡಿಸ್ಕ್ ಅದೇ, ದೃಶ್ಯವೂ ಅದೇ. ಯಾರ ಕೈಗೆ, ಯಾತಕ್ಕಾಗಿ ಹೋಗುತ್ತದೆ ಎಂಬುದರ ಮೇಲೆ ಅದು ಸಾಕ್ಷ್ಯವೂ ಆಗುತ್ತದೆ, ಸರಕೂ ಆಗುತ್ತದೆ. ಹಾಸನದ ದೃಶ್ಯಗಳು ತನಿಖೆಗೆ ಮಾತ್ರ ಒಪ್ಪಿಸಲ್ಪಟ್ಟಿದ್ದರೆ ಎಷ್ಟು ಸಂತ್ರಸ್ತೆಯರು ಊರು ಬಿಡದೆ, ಬಾಯಿ ಬಿಟ್ಟು ಮಾತನಾಡುತ್ತಿದ್ದರೋ.

ಮೂರನೆಯ ಬಗೆಯೊಂದಕ್ಕೂ ನಮ್ಮ ಜಿಲ್ಲೆಯೇ ಉದಾಹರಣೆ ಒದಗಿಸಿದೆ. ಕುರುಗೋಡು ಬಳಿಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ತಾವು ಅನುಭವಿಸಿದ ಅವಮಾನ, ದೈಹಿಕ ಹಿಂಸೆ, ಸಾಯಲು ಹೊರಟ ಗಳಿಗೆ ಯಾವುದನ್ನೂ ಮುಚ್ಚಿಡಲಿಲ್ಲ. ಅರುಣ್ ಜೋಳದಕೂಡ್ಲಿಗಿ ಅವರ ನಿರೂಪಣೆಯಲ್ಲಿ ‘ನಡುವೆ ಸುಳಿವ ಹೆಣ್ಣು’ ಎಂಬ ಆತ್ಮಕಥನವಾಗಿ ಅದು ಪ್ರಕಟವಾಗಿದೆ. ಅದೂ ದಾಖಲಾದ ಅನುಭವವೇ, ಅದಕ್ಕೂ ಬೆಲೆ ಕೊಟ್ಟೇ ನಾವು ಕೊಳ್ಳುತ್ತೇವೆ. ಆದರೆ ಏನನ್ನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸಿದವರು ಅದನ್ನು ಬದುಕಿದವರೇ. 2021ರ ನವೆಂಬರ್‌ನಲ್ಲಿ ಅವರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದ ದೃಶ್ಯವೂ ಲಕ್ಷಾಂತರ ಮೊಬೈಲ್‌ಗಳಲ್ಲಿ ಹರಿದಾಡಿತು. ಅದನ್ನು ನೋಡಲು ಯಾರೂ ದನಿ ತಗ್ಗಿಸಬೇಕಾಗಲಿಲ್ಲ.

ಕಾರ್ಡ್ ತುಂಬಿಸುವ ಅಂಗಡಿಗಳು ಈಗಿಲ್ಲ. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಅವು ಒಂದೊಂದಾಗಿ ಮುಚ್ಚಿದವು. ಸಿರುಗುಪ್ಪದ ಪರಿಚಯದ ಅಂಗಡಿಯವರೊಬ್ಬರು ಈಗ ಮೊಬೈಲ್ ದುರಸ್ತಿ ಮಾಡುತ್ತಾರೆ. ಹಳೆಯ ದಿನಗಳ ಮಾತು ಬಂದಾಗ ಅವರು ಒಂದು ಸಂಗತಿ ಹೇಳಿದರು. ಹುಡುಗನೊಬ್ಬ ತಂದ ಕಾರ್ಡಿನಲ್ಲಿ ಒಂದು ದೃಶ್ಯವಿತ್ತಂತೆ. ಅದರಲ್ಲಿದ್ದ ಹೆಣ್ಣುಮಗಳು ಪಕ್ಕದ ಹಳ್ಳಿಯವಳು, ತಂದೆಯ ಜೊತೆ ಅಂಗಡಿಗೂ ಬಂದು ಹೋದವಳು. ಅವರು ಅದನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳಲಿಲ್ಲ. ಹುಡುಗನನ್ನು ಗದರಿಸಿ ಕಾರ್ಡಿನಿಂದಲೂ ಅಳಿಸಿಹಾಕಿದರು. ಸಂಜೆ ವಿಚಾರಿಸಿದರೆ ಎದುರಿನ ಅಂಗಡಿಯಲ್ಲಿ ಅದು ಆಗಲೇ ಬಂದಿತ್ತು.

‘ಒಳ್ಳೆಯ ಕೆಲಸ ಮಾಡಿದಿರಿ’ ಎಂದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ‘ಅಳಿಸಿದ್ದು ಹೌದು ಸಾರ್. ಆದ್ರ ಪೂರ್ತಿ ನೋಡಿದ ಮ್ಯಾಲೇ ಅಳಿಸಿದ್ದು’ ಎಂದರು. ಆ ಹುಡುಗಿಯ ತಂದೆ ಮತ್ತೆ ಅಂಗಡಿಗೆ ಬಂದಾಗಲೆಲ್ಲ ತಾವು ಒಳಗೆ ಹೋಗಿ, ತಮ್ಮನನ್ನು ಕಳಿಸುತ್ತಿದ್ದುದಾಗಿಯೂ ಹೇಳಿದರು.