ಹೊಗಳಿಕೆಯೂ ಸಾಕ್ಷ್ಯವೇ

ಇತಿಹಾಸದ ಪರೀಕ್ಷೆಯಲ್ಲಿ ಆಧಾರಗಳ ಮೌಲ್ಯವನ್ನು ವಿವೇಚಿಸಿ ಪ್ರಬಂಧ ಬರೆಯಿರೆಂದು ಕೇಳುವುದುಂಟು. ಆಗ ಅನೇಕ ವಿದ್ಯಾರ್ಥಿಗಳ ಲೇಖನಿಯಿಂದ ಸಲೀಸಾಗಿ ಇಳಿದುಬರುವ ವಾಕ್ಯವೊಂದಿದೆ: ‘ಇದನ್ನು ಬರೆದವನು ರಾಜಾಶ್ರಯದ ಕವಿ, ಆದ್ದರಿಂದ ಇದು ನಂಬಲರ್ಹವಲ್ಲ.’ ಇಷ್ಟು ಬರೆದು ಅವರು ಮುಂದಿನ ಪ್ರಶ್ನೆಗೆ ಸಾಗುತ್ತಾರೆ. ವಿವೇಚನೆ ಆರಂಭವಾಗಬೇಕಾದದ್ದು ಅಲ್ಲಿಂದಲೇ.

ನಮ್ಮ ನಾಡಿನದೇ ಒಂದು ನಿದರ್ಶನವನ್ನು ನೋಡೋಣ. ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ಸೋಲಿಸಿದನೇ? ಸೋಲಿಸಿದನೆನ್ನುತ್ತದೆ, ಐಹೊಳೆಯ ಮೇಗುತಿ ಬಸದಿಯ ಶಾಸನ. ಶಕವರ್ಷ 556, ಅಂದರೆ ಕ್ರಿ.ಶ. 634-35ರ ಈ ಸಂಸ್ಕೃತ ಪ್ರಶಸ್ತಿಯನ್ನು ರಚಿಸಿದವನು ರವಿಕೀರ್ತಿ. ಅವನು ಪುಲಕೇಶಿಯ ಕೃಪೆಗೆ ಪಾತ್ರನಾದವನು. ಯುದ್ಧದಲ್ಲಿ ಆನೆಗಳು ಉರುಳಿದುದನ್ನು ಕಂಡು ಹರ್ಷನ ಹರ್ಷವೇ ಕರಗಿತೆಂದು ಶ್ಲೇಷೆಯಾಡುತ್ತಾನೆ. ಒಡೆಯನ ಕಿವಿಗೆ ಇಂಪಾಗುವ ಮಾತಿದು. ಸತ್ತ ಆನೆಗಳ ಲೆಕ್ಕವನ್ನು ಇಲ್ಲಿ ಹುಡುಕುವುದು ತರವಲ್ಲ.

ಹಾಗೆಂದು ಯುದ್ಧದ ಫಲವನ್ನೂ ತಳ್ಳಿಹಾಕಬೇಕೇ? ಇನ್ನೊಬ್ಬ ಸಾಕ್ಷಿಯನ್ನು ಕರೆಯೋಣ. ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಹರ್ಷನಿಂದ ಅಪಾರ ಮನ್ನಣೆ ಪಡೆದವನು. ಅವನನ್ನು ಬಹುವಾಗಿ ಮೆಚ್ಚಿದವನು. ಅಂಥವನೇ, ಹರ್ಷನು ಸ್ವತಃ ದಂಡೆತ್ತಿ ಹೋದರೂ ಪುಲಕೇಶಿಯ ಪ್ರಜೆಗಳು ಅಧೀನರಾಗಲಿಲ್ಲವೆಂದು ಬರೆದಿದ್ದಾನೆ. ತನ್ನ ಒಲವಿಗೆ ವಿರುದ್ಧವಾಗಿ ನುಡಿಯುವ ಸಾಕ್ಷಿಯ ಮಾತಿಗೆ ತೂಕ ಹೆಚ್ಚು. ಆದರೆ ಕವಿಯ ರಣವರ್ಣನೆ ಯಾತ್ರಿಕನಲ್ಲಿಲ್ಲ. ಆದ್ದರಿಂದ ದಕ್ಷಿಣದಲ್ಲಿ ಹರ್ಷನ ಪ್ರಯತ್ನ ಫಲಿಸಲಿಲ್ಲವೆಂಬುದು ದೃಢ. ರಣರಂಗದ ವಿವರ ಕವಿಯೊಬ್ಬನದೇ ಮಾತು. ಉತ್ತರವನ್ನು ಹೀಗೆ ಅಳೆದು ಬರೆಯಬೇಕು.

ಬಾಣಭಟ್ಟನ ‘ಹರ್ಷಚರಿತ’ದಲ್ಲಿ ಈ ಸೋಲಿನ ಸುದ್ದಿಯಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಆ ಕೃತಿಯ ಕಥೆ ಹರ್ಷನ ಆಳ್ವಿಕೆಯ ಆರಂಭದಲ್ಲೇ, ತಂಗಿ ರಾಜ್ಯಶ್ರೀ ದೊರೆತ ಸಂದರ್ಭದಲ್ಲಿ, ನಿಂತುಹೋಗುತ್ತದೆ. ಹೇಳಬೇಕಾದ ಸ್ಥಳ ಬಂದೂ ಹೇಳದಿದ್ದರೆ ಮಾತ್ರ ಮೌನಕ್ಕೆ ಅರ್ಥ ಹಚ್ಚಬಹುದು.

ಬರೆದವನು ಉದ್ದೇಶಿಸದೆ ಬಿಟ್ಟುಹೋದ ಸಾಕ್ಷ್ಯವೂ ಉಂಟು. ರವಿಕೀರ್ತಿಯು ತನ್ನ ಕೀರ್ತಿ ಕಾಳಿದಾಸ ಭಾರವಿಯರಿಗೆ ಸಮಾನವೆಂದು ಹೇಳಿಕೊಳ್ಳುತ್ತಾನೆ. ಅದು ಆತ್ಮಪ್ರಶಂಸೆ, ಒಪ್ಪುವುದೂ ಬಿಡುವುದೂ ರಸಿಕರಿಗೆ ಸೇರಿದ್ದು. ಆದರೆ 634ರ ವೇಳೆಗೆ ಆ ಇಬ್ಬರು ಕವಿಗಳ ಹೆಸರು ಕನ್ನಡನಾಡಿನವರೆಗೆ ಹಬ್ಬಿತ್ತೆಂಬುದು ಅದರಿಂದಲೇ ಸಿದ್ಧವಾಯಿತು. ಸಾಹಿತ್ಯಚರಿತ್ರಕಾರರು ಆ ಕವಿಗಳ ಕಾಲಕ್ಕೆ ಈ ಶಾಸನವನ್ನೇ ಮೇರೆಯಾಗಿ ಹಿಡಿದಿದ್ದಾರೆ. ಉತ್ಪ್ರೇಕ್ಷೆಯೆಂದು ಶಾಸನವನ್ನೇ ಬದಿಗಿಟ್ಟಿದ್ದರೆ ಈ ಮೇರೆಯೂ ಕೈತಪ್ಪುತ್ತಿತ್ತು.

ಆದ್ದರಿಂದ ಆಧಾರವೊಂದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ಪ್ರಶ್ನೆಗೆ ಅದು ಉತ್ತರ ಕೊಡಬಲ್ಲುದು, ಯಾವುದಕ್ಕೆ ಕೊಡಲಾರದು ಎಂದು ಕೇಳಬೇಕು. ಬರೆದವನ ಒಲವನ್ನು ಹುಡುಕುವಾಗ ಓದುವವನ ಒಲವನ್ನೂ ಮರೆಯಬಾರದು. ಪುಲಕೇಶಿ ಗೆದ್ದನೆಂಬ ಮಾತು ಕನ್ನಡಿಗರಾದ ನಮಗೂ ಇಂಪೇ. ಅದನ್ನು ಒಪ್ಪುವ ಮುನ್ನ ಹರ್ಷನ ಅತಿಥಿಯನ್ನೂ ಕೇಳಿದೆವೆಂಬುದೇ ನಮ್ಮ ಉತ್ತರಕ್ಕೆ ಬಲ.