ಮಳೆಗಾಲದಲ್ಲಿ ಸೋಲಾರ್ ದೀಪದ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮನೆಯಿಂದ ಮನೆಗೆ ನಡುವೆ ತೋಟ, ಬೆಟ್ಟ, ಹಳ್ಳ. 120 ಮೆಗಾವ್ಯಾಟ್‌ನ ಕೊಡಸಳ್ಳಿ ವಿದ್ಯುದಾಗಾರ ಯಲ್ಲಾಪುರ ತಾಲೂಕಲ್ಲೇ ಇದ್ರೂ, ಜೂನ್‌ನಲ್ಲಿ ತಂತಿ ಮೇಲೆ ಒಂದು ಮರ ಬಿದ್ರೆ ಸಾಕು, ಕಾಡಂಚಿನ ಮನೆ ಕತ್ತಲೆ. ಇಂಥ ಕಡೆ ಸೋಲಾರ್ ಬೇಕೇ ಬೇಕು. ಆದ್ರೆ ಒಂದೇ ಸಲ ಅಷ್ಟು ದುಡ್ಡು ಎಲ್ಲಿಂದ? ಕರ್ನಾಟಕದಲ್ಲಿ 1995ರಲ್ಲಿ ಶುರುವಾದ ಸೆಲ್ಕೋ ಬ್ಯಾಂಕ್ ಸಾಲ, ಕಂತಿನ ದಾರಿ ಹಿಡೀತು. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈಗ ನಮ್ಮ ಕೆಲಸ. ಮಳೆಗಾಲದಲ್ಲಿ ಕರೆಂಟೂ ಬಿಸಿಲೂ ಒಟ್ಟಿಗೇ ಹೋಗ್ತವೆ, ಅಲ್ವಾ? ಒಂದು ಉದಾಹರಣೆ ತಗೊಳ್ಳೋಣ. 5 ವ್ಯಾಟ್‌ನ 4 ಎಲ್ಇಡಿ ದೀಪ 4 ಗಂಟೆ ಉರಿದ್ರೆ 80 ವ್ಯಾಟ್-ಅವರ್. 12 ವೋಲ್ಟ್, 40 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 480 ಇರುತ್ತೆ. ಲೆಡ್-ಆಸಿಡ್ ಆದ್ರೆ ಅರ್ಧಕ್ಕಿಂತ ಇಳಿಸಿದಷ್ಟೂ ಅದರ ಆಯಸ್ಸು ಕಮ್ಮಿ, ಹಾಗಾಗಿ ಬಳಸೋಕೆ 240. ಅಂದ್ರೆ ಬಿಸಿಲೇ ಇಲ್ದೆ ಮೂರು ರಾತ್ರಿ. ಮಲೆನಾಡಿನ ಮೋಡ ಮೂರು ದಿನಕ್ಕೆ ಸರಿಯುತ್ತಾ! 40 ವ್ಯಾಟ್ ಪ್ಯಾನೆಲ್‌ಗೆ ದಿನಕ್ಕೆ ಒಂದು ಗಂಟೆ ಪೂರ್ತಿ ಬಿಸಿಲಿನಷ್ಟು ಬೆಳಕು ಸಿಕ್ರೂ ಬರೋದು ಹೆಚ್ಚೆಂದ್ರೆ 40. ಜಗಲಿ, ಕೊಟ್ಟಿಗೆ ದೀಪ ಆರಿಸಿ, ಅಡುಗೆಮನೆದು, ಮಕ್ಕಳು ಓದೋ ಕೋಣೆದು ಎರಡೇ ಉರಿಸಿದ್ರೆ ಖರ್ಚೂ 40. ಹಾಂ, ಪ್ಯಾನೆಲ್ ಮೇಲೆ ಅಡಿಕೆ ಸೋಗೆಯ ನೆರಳು ಬಿದ್ರೆ ಅದೂ ಸಿಗಲ್ಲ.