ಹೊಲಿಗೆ ಹಾಕಿದರೆ ಮುಗಿಯಿತೇ?

ತಾಳವಾಡಿ ಸೀಮೆಯಲ್ಲಿ ಹೊಡೆತ ತಿಂದವರಿಗೆ ಗಾಯದ ಜೊತೆ ಗಡಿಯ ಚಿಂತೆಯೂ ಅಂಟಿಕೊಳ್ಳುತ್ತದೆ. ಜಿಲ್ಲೆ ತಮಿಳುನಾಡಿನ ಈರೋಡು. ಆದರೆ ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಾಟಿಯ 27 ತಿರುವು ದಾಟಬೇಕು. ಚಾಮರಾಜನಗರ ಹತ್ತಿರ, ಮಾತೂ ಕನ್ನಡ. ರಾಜ್ಯ ಮಾತ್ರ ಬೇರೆ. 'ಇಲ್ಲಿ ಬಿದ್ದ ಏಟಿಗೆ ಅಲ್ಲಿ ಯಾರು ಕೇಸು ಬರೀತಾರೆ?' ಎನ್ನುತ್ತಾರೆ.

ಬರೆಯಲೇಬೇಕು. ಗಾಯಾಳುವಿನ ಜೀವ ಮೊದಲು, ಪೊಲೀಸ್ ಕಾಗದ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲ. ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ದಾಖಲಿಸುವುದು ಚಿಕಿತ್ಸೆ ಕೊಟ್ಟ ಆಸ್ಪತ್ರೆಯೇ. ಠಾಣೆಯವರೂ 'ನಮ್ಮ ವ್ಯಾಪ್ತಿಯಲ್ಲ' ಎಂದು ವಾಪಸು ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಸಂಜ್ಞೇಯ ಅಪರಾಧ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಎಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು. ಝೀರೋ ಎಫ್‌ಐಆರ್ ಎನ್ನುವುದು ಇದನ್ನೇ.

ಇನ್ನೊಂದು ನಂಬಿಕೆಗೆ ಗಾದೆಯ ಬಲವೇ ಇದೆ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಕೈ ಮುರಿದುಕೊಂಡು ಬಂದವಳಿಗೆ ಈ ಗಾದೆ ಹೇಳುವುದು ಕ್ರೌರ್ಯ ಎಂದೇ ನನಗನಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಕಂಡವರು ಕರ್ನಾಟಕದಲ್ಲಿ ಸುಮಾರು ಶೇ 44, ತಮಿಳುನಾಡಿನಲ್ಲಿ ಶೇ 38. ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರ ಪೈಕಿ ನೆರವು ಕೇಳಿದವರು ಶೇ 14 ಮಾತ್ರ. ಉಳಿದ ಹೆಚ್ಚಿನವರು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಆದರೆ ಏಟು ಜೋರಾದರೆ ಆಸ್ಪತ್ರೆಯ ಮೆಟ್ಟಿಲು ಹತ್ತಲೇಬೇಕಾಗುತ್ತದೆ.

ಅಲ್ಲಿ ಅವಳ ಉತ್ತರ ಸಿದ್ಧವಿರುತ್ತದೆ: 'ಬಚ್ಚಲಲ್ಲಿ ಜಾರಿಬಿದ್ದೆ.' ಜಾರಿ ಬಿದ್ದವರು ಸಾಮಾನ್ಯವಾಗಿ ಅಂಗೈ ಊರುತ್ತಾರೆ, ಏಟು ಮಣಿಕಟ್ಟಿಗೆ ಬೀಳುತ್ತದೆ. ಹೊಡೆತ ತಡೆಯಲು ಕೈ ಅಡ್ಡ ಹಿಡಿದವರಿಗೆ ಮುಂಗೈಯ ಕಿರುಬೆರಳಿನ ಕಡೆಗೆ ಬೀಳುತ್ತದೆ. ಪಕ್ಕದಲ್ಲೇ ಮಾಗಿದ ಹಳೆಯ ಗಾಯವಿದ್ದರೆ, ಗಂಡನನ್ನೋ ಅತ್ತೆಯನ್ನೋ ಹೊರಗೆ ಕಳಿಸಿ ಒಂದು ಪ್ರಶ್ನೆ ಕೇಳಬೇಕಾದ ಹೊತ್ತು ಅದು.

'ಡಾಕ್ಟರಿಗೆ ಮನೆ ವಿಷಯ ಯಾಕೆ?' ಎನ್ನುವವರಿಗೆ ಮುಂಬೈ ಬಾಂದ್ರಾದ ಭಾಭಾ ಆಸ್ಪತ್ರೆಯನ್ನು ತೋರಿಸಬಹುದು. ಮಹಾನಗರಪಾಲಿಕೆ ಮತ್ತು ಸೆಹತ್ ಸಂಸ್ಥೆ ಸೇರಿ ಅಲ್ಲಿ 'ದಿಲಾಸಾ' ಎಂಬ ಆಪ್ತಸಲಹಾ ವಿಭಾಗವನ್ನು ಆಸ್ಪತ್ರೆಯೊಳಗೇ ಶುರುಮಾಡಿ ಎರಡು ದಶಕ ದಾಟಿದೆ. ಅಲ್ಲಿ ನರ್ಸುಗಳಿಗೆ ಗುರುತು ಹಿಡಿಯುವ ತರಬೇತಿ ಕೊಡುತ್ತಾರೆ. ಗುರುತಾದವರ ಜೊತೆ ಸಲಹೆಗಾರರು ಕೂತು, ಮುಂದಿನ ಸಲ ಕೈ ಎತ್ತಿದರೆ ಯಾರ ಮನೆಗೆ ಓಡುವುದು, ಆಧಾರ್ ಮತ್ತು ಪಾಸ್‌ಬುಕ್ ಎಲ್ಲಿಡುವುದು ಎಂಬಷ್ಟು ವಿವರವಾಗಿ ಮಾತಾಡುತ್ತಾರೆ. ಮುಂದೆ ನಗರದ ಬೇರೆ ಆಸ್ಪತ್ರೆಗಳಿಗೂ ಇದು ಹರಡಿತು. ಕೇರಳದ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥವೇ 'ಭೂಮಿಕಾ' ಕೇಂದ್ರಗಳಿವೆ. 2015ರಿಂದ ದೇಶದ ಜಿಲ್ಲೆಗಳಲ್ಲಿ ಹಿಂಸೆಗೊಳಗಾದ ಹೆಂಗಸರಿಗಾಗಿ ಸಖಿ ಕೇಂದ್ರಗಳು ಬಂದಿವೆ.

'ದೂರು ಕೊಡದಿದ್ದರೆ ಚಿಕಿತ್ಸೆ ಇಲ್ಲ' ಎಂಬುದೂ ಸುಳ್ಳೇ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ನಿಯಮಗಳಲ್ಲಿ ಅದು ಸ್ಪಷ್ಟವಾಗಿದೆ. ಆ ಕಾಯ್ದೆಯಡಿ ಪರಿಹಾರ ಕೇಳುವುದು ಬಿಡುವುದು ಆಕೆಗೆ ಬಿಟ್ಟ ವಿಚಾರ.

ಗಂಡಸರ ವಿಷಯದಲ್ಲಿ 'ಕುಡುಕರ ಜಗಳ, ಇವತ್ತು ಹೊಲಿಗೆ, ನಾಳೆ ಮತ್ತೆ ಅದೇ' ಎಂದು ಕೈಬಿಡುವುದೇ ಹೆಚ್ಚು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮತ್ತೆ ಮತ್ತೆ ಇರಿತ, ಗುಂಡೇಟಿನಿಂದ ಬರುತ್ತಿದ್ದವರಿಗೆ ಹಾಸಿಗೆಯ ಪಕ್ಕದಲ್ಲೇ ಸಮಾಜ ಕಾರ್ಯಕರ್ತರನ್ನು ಜೊತೆಮಾಡಿ, ಬಿಡುಗಡೆಯಾದ ಮೇಲೂ ಕೆಲಸ, ಕುಡಿತ ಬಿಡಿಸುವ ಚಿಕಿತ್ಸೆ ಕೊಡಿಸಿದರು; ಮರಳಿ ಗಾಯಗೊಂಡು ಬಂದವರು ಬಹಳ ಕಡಿಮೆಯಾದರು. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಜೊನಾಥನ್ ಶೆಫರ್ಡ್ ಎಂಬ ಶಸ್ತ್ರವೈದ್ಯರು ಹಿಡಿದ ದಾರಿ ಇನ್ನೂ ಸರಳ. ಹೆಸರು ಬಿಟ್ಟು, ಏಟು ಬಿದ್ದ ಜಾಗ, ಹೊತ್ತು, ಆಯುಧ ಇಷ್ಟನ್ನೇ ಬರೆದು ಪೊಲೀಸರಿಗೂ ನಗರಾಡಳಿತಕ್ಕೂ ಕೊಡುವುದು. ಹೋಲಿಕೆಯ ಊರುಗಳಿಗಿಂತ ಅಲ್ಲಿ ಹಿಂಸೆಯಿಂದ ಆಸ್ಪತ್ರೆ ಸೇರುವವರು ಶೇ 42ರಷ್ಟು ಕಡಿಮೆಯಾದರು. ಯಾವ ಮದ್ಯದಂಗಡಿಯ ಮುಂದೆ, ಯಾವ ಸಂತೆಯ ದಿನ ತಲೆ ಒಡೆಯುತ್ತದೆ ಎಂದು ಬರೆದಿಡಲು ಯಂತ್ರ ಬೇಕಿಲ್ಲ, ಒಂದು ರಿಜಿಸ್ಟರ್ ಸಾಕು.

ಹೆಂಗಸರ ಸಹಾಯವಾಣಿ ಗಡಿಯ ಎರಡೂ ಕಡೆ ಒಂದೇ: 181. ಆಸ್ಪತ್ರೆಯಿಂದ ಹೊರಡುವ ಮುನ್ನ ಎಂಎಲ್‌ಸಿ ಸಂಖ್ಯೆಯನ್ನು ಬರೆಸಿಕೊಳ್ಳಿ. ಎರಡನೆಯ ಸಲ ಯಾವ ರಾಜ್ಯದ ಆಸ್ಪತ್ರೆಗೆ ಹೋದರೂ ಮೊದಲನೆಯ ಏಟನ್ನು ತೋರಿಸುವ ಕಾಗದ ಅದು.